ಹೊರಬೀಡಿನ ದಿನ ಒಲೆ ಹಚ್ಚಿದವಳು

ನಮ್ಮ ಹುಣಸೆದೊಡ್ಡಿಯನ್ನು ಊರು ಅಂದರೆ ಪಕ್ಕದ ಕಬ್ಬಾಳಿನವರು ನಗುತ್ತಾರೆ. ನಗಲಿ ಬಿಡಿ. ಗುಡ್ಡದ ಬುಡದಲ್ಲಿ ಬೆರಳೆಣಿಕೆಯ ಮನೆ, ಒಂದು ಮಾರಮ್ಮನ ಗುಡಿ, ಸುತ್ತ ಬಂಡೆ, ಜಾಲಿ. ಹಿಂದೆ ದನ ಕೂಡುತ್ತಿದ್ದ ದೊಡ್ಡಿ ಇದು. ದನ ಕಾಯುವವರು ಗುಡಿಸಲು ಹಾಕಿಕೊಂಡು ಇಲ್ಲೇ ನಿಂತರು. ಆಮೇಲೆ ಪ್ಲೇಗು ಬಂದು ಅರ್ಧ ಊರನ್ನು ಗುಡಿಸಿಕೊಂಡು ಹೋಯಿತು. ಅಂದಿನಿಂದ ವರ್ಷಕ್ಕೊಂದು ದಿನ ಹೊರಬೀಡು. ಬೆಳಕು ಹರಿಯುವ ಮುಂಚೆ ಒಲೆ ಆರಿಸಿ, ಬಾಗಿಲು ಹಾಕಿ, ದನಕರು ಹೊಡೆದುಕೊಂಡು ಹಳ್ಳದಾಚೆಯ ತೋಪಿಗೆ ಹೋಗಬೇಕು. ಊರಬಾಗಿಲಿಗೆ ಮುಳ್ಳು ಬೀಳುತ್ತದೆ. ಹೊತ್ತು ಮುಳುಗುವ ತನಕ ಊರು ಮಾರಮ್ಮನದು, ಯಾರೂ ಒಳಗೆ ಕಾಲಿಡುವಂತಿಲ್ಲ.

ಆ ಮುಳ್ಳು ಹಾಕುವವಳು ನನ್ನ ಓರಗಿತ್ತಿ ಕೆಂಚಮ್ಮ, ನಾನು ಅಕ್ಕ ಅನ್ನುತ್ತೇನೆ. ಅವಳ ಮಗಳು ಪ್ರತಿಮಾ ಇನ್ನೂ ಕೈಗೂಸಾಗಿದ್ದಾಗ, ಹೊರಬೀಡಿನ ದಿನವೇ ಅವಳ ಗಂಡ, ನಮ್ಮ ಭಾವ, ಬೀಡಿ ಮರೆತೆನೆಂದು ಊರೊಳಗೆ ಹೋಗಿ ಬಂದಿದ್ದರು. ಅದೇ ತಿಂಗಳು ಜ್ವರ ಬಂದು ಹೋಗಿಬಿಟ್ಟರು. ಆಸ್ಪತ್ರೆಗೆ ತಡವಾಯಿತು ಅಂತ ನಾನು ಇವತ್ತಿಗೂ ಹೇಳುತ್ತೇನೆ. ಅಕ್ಕ ಮಾತ್ರ ಮಾರಮ್ಮ ಮುನಿದಳೆಂದೇ ನಂಬಿದಳು. ಮುಳ್ಳು ಹಾಕುವ ಕೆಲಸವನ್ನು ತಾನಾಗಿ ಕೇಳಿ ತೆಗೆದುಕೊಂಡಳು.

ಎರಡು ಸಾವಿರದ ಆರರಲ್ಲಿ ಕಾರ್ಖಾನೆಗೆ ಜಾಗ ಅಳೆಯುವವರು ನಮ್ಮ ಕಡೆ ತಿರುಗಾಡತೊಡಗಿದರು. ಜನ ಬಾಳುವ ಊರನ್ನು ಮುಟ್ಟುವುದಿಲ್ಲ, ಪಾಳೂರಾದರೆ ಅಳತೆಗೆ ಸೇರುತ್ತದೆ ಅಂದಿದ್ದರು. ಮುಂದಿನ ವಾರ ಬರುತ್ತೇವೆಂದವರು ವಕ್ಕರಿಸಿದ್ದು ಹೊರಬೀಡಿನ ದಿನ. ಹೊಟ್ಟೆ ಉರಿಯದೆ ಇರುತ್ತದೆಯೇ?

ತೋಪಿನಲ್ಲಿ ಮುದ್ದೆ ತೊಳಸುತ್ತಿದ್ದೆವು. ಊರಬಾಗಿಲಲ್ಲಿ ಜೀಪು ಕಂಡಿತು. ಊರ ಯಜಮಾನ ದೊಡ್ಡಮುನಿಯಪ್ಪ ಎದ್ದು ಹೋದ, ನಾವೂ ಹಿಂದೆಯೇ ಹೋದೆವು. ಇದು ನಮ್ಮೂರು ಸ್ವಾಮಿ, ಇವತ್ತೊಂದು ದಿನ ಹೊರಗಿದ್ದೇವೆ ಅಂತ ಕೈ ಮುಗಿದ. ಸಾಹೇಬ ನಂಬಲಿಲ್ಲ. ಜಾಗ ಹೋಗುತ್ತದೆ ಅಂದರೆ ಎಲ್ಲಿಯವರೋ ಬಂದು ನಮ್ಮೂರು ಅಂತಾರೆ, ದಾರಿಗೆ ಮುಳ್ಳು, ಒಂದು ನಾಯಿಯೂ ಇಲ್ಲ, ನಿಮ್ಮದಾದರೆ ಬಾಗಿಲು ತೆಗೆದು ತೋರಿಸಿ ಅಂದ. ದೊಡ್ಡಮುನಿಯಪ್ಪ ಮುಳ್ಳಿನ ಮುಂದೆ ತಲೆ ತಗ್ಗಿಸಿ ನಿಂತ. ಸಾಹೇಬನ ಜೊತೆಯವನು ಆಗಲೇ ಸುಣ್ಣದ ಡಬ್ಬಿ ತೆಗೆದಿದ್ದ, ಮನೆಗಳ ಮೇಲೆ ಗುರುತು ಹಾಕಲು. ಮೀಸೆ ತಿರುವುವ ಗಂಡಸರೆಲ್ಲ ನೆಲ ನೋಡುತ್ತಿದ್ದರು.

ಪ್ರತಿಮಾ ಬಾಣಂತನಕ್ಕೆ ತವರಿಗೆ ಬಂದಿದ್ದಳು, ತುಂಬಿದ ಬಸುರಿ. ಅಕ್ಕ ಮಗಳ ಕೈ ಬಿಡಿಸಿಕೊಂಡು ಮುಂದೆ ಹೋದಳು. ನಾನು ಓಡಿ ಸೆರಗು ಹಿಡಿದೆ.

"ಬ್ಯಾಡ ಕಣಕ್ಕ. ಮಗಳ ಮಕ ನೋಡು."

"ನೋಡೇ ಹೊಂಟಿರೋದು. ಹೆತ್ತ ಮೇಲೆ ಕೂಸ್ನ ಎತ್ಕೊಂಡು ಯಾವ ಮನೆಗೆ ಬರ್ತಾಳೆ?"

ಬರಿಗೈಯಲ್ಲಿ ಮುಳ್ಳು ಎಳೆದಳು. "ಏನಿದ್ರೂ ನನ್ ಮೇಲೆ ತೀರಿಸ್ಕೊಳವ್ವ, ಆ ಹುಡ್ಗಿ ತಂಟೆಗೆ ಬರ್ಬ್ಯಾಡ" ಅಂತ ಗುಡಿಯ ಕಡೆ ನೋಡಿ ಅಂದದ್ದು ಎಲ್ಲರಿಗೂ ಕೇಳಿಸಿತು. ಒಳಗೆ ಹೋಗಿ ಬೀಗ ತೆಗೆದಳು. ಒಸಿ ಹೊತ್ತಿಗೆ ಅವಳ ಹೆಂಚಿನ ಸಂದಿಯಿಂದ ಹೊಗೆ ಎದ್ದಿತು. ಸಾಹೇಬ ಒಳಗೆ ಇಣುಕಿ, ಅಡಕಲ ಮಡಕೆ, ನೀರು ತುಂಬಿದ ಹಂಡೆ, ಒರಳು ಎಲ್ಲ ನೋಡಿದ. ಸುಣ್ಣದ ಡಬ್ಬಿ ಮತ್ತೆ ಜೀಪಿಗೆ ಹೋಯಿತು. ಅಳತೆಯ ಗೂಟಗಳು ಊರನ್ನು ಬಿಟ್ಟು ಗುಡ್ಡದಾಚೆ ಬಿದ್ದವು.

ಸಂಜೆ ಗುಡಿಯಲ್ಲಿ ಹೊಸ ಬೆಂಕಿ ಹಚ್ಚಿ ಮನೆಮನೆಗೆ ಹಂಚುವುದು ಪದ್ಧತಿ. ದೊಡ್ಡಮುನಿಯಪ್ಪ ಅಕ್ಕನಿಗೆ ಬೆಂಕಿ ಕೊಡದೆ ಅವಳ ಬಾಗಿಲು ದಾಟಿಕೊಂಡು ನನ್ನ ಬಾಗಿಲಿಗೆ ಬಂದ. ನಾಚಿಕೆಗೆಟ್ಟವರೇ, ಯಾರಿಂದ ಇವತ್ತು ಈ ಮನೆಗಳು ಉಳಿದವು ಅಂತ ಬಾಯಿಗೆ ಬಂದಂತೆ ಬೈದೆ. ಮಾರಮ್ಮ ಮುನಿದಳೋ ಇಲ್ಲವೋ, ಹೆರಿಗೆ ಆಗಲಿ, ಆಮೇಲೆ ನೋಡೋಣ ಅಂತ ಊರವರು ಕಾದರು. ಅಕ್ಕ ಅನ್ನ ನೀರು ಮರೆತು ಮಗಳ ಕಾಲ ಬಳಿಯೇ ಕೂತಳು.

ಹೆಣ್ಣುಮಗು, ಗುಂಡುಗುಂಡಾಗಿ ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಮಾರಮ್ಮ ಒಪ್ಪಿಕೊಂಡಳು ಕಣಮ್ಮ ಅಂತ ಊರೆಲ್ಲ ಬಂದು ಕೊಬ್ಬರಿ ಬೆಲ್ಲ ತಿಂದುಹೋಯಿತು.

ಆ ಮಗು ಈಗ ಶಾಲೆಗೆ ಹೋಗುತ್ತದೆ. ಇಲ್ಲಿಗೆ ಬಂದಾಗ ಅದಕ್ಕೆ ಒಂದು ಸೀನು ಬಂದರೂ ಅಕ್ಕ ಮಾರಮ್ಮನ ಮುನಿಸೇನೋ ಅಂತ ಹಣೆ ಮುಟ್ಟಿ ನೋಡುತ್ತಾಳೆ, ರಾತ್ರಿಯೆಲ್ಲ ಕಣ್ಣು ಮುಚ್ಚುವುದಿಲ್ಲ. ನಾವು ನಮ್ಮ ಮನೆಗಳಲ್ಲಿ ಗೊರಕೆ ಹೊಡೆಯುತ್ತೇವೆ.