ಗದ್ದ ಎತ್ತಿಸಿ ತೆಗೆದ ಫೋಟೋ

ರೇಣುಕಾ, ನಿನ್ನ ಫೋಟೋವನ್ನು ನಾನು ಬೇಕೆಂದೇ ಕೆಡಿಸಿದೆ. ಕೈ ತಪ್ಪಿದ್ದಲ್ಲ, ಬೆಳಕು ಸಾಲದೆ ಆದದ್ದೂ ಅಲ್ಲ — ನಿನ್ನಪ್ಪನ ಮೇಲಿನ ಸೇಡನ್ನು ನಿನ್ನ ಮುಖದ ಮೇಲೆ ತೀರಿಸಿಕೊಂಡೆ.

ನಿನ್ನಪ್ಪ ಮುಕಾದಮ. ನಮ್ಮ ಕಡೆಯ ಜನರನ್ನು ಇಲ್ಲಿಗೆ, ಗೋವಾದ ಮ್ಹಾಪಸಾಕ್ಕೆ, ಕರೆತಂದು ಕಟ್ಟಡದ ಕೆಲಸಕ್ಕೆ ಹಚ್ಚುತ್ತಿದ್ದ. ನನ್ನ ತಮ್ಮ ಮಾರುತಿ ಅವನ ಕೆಲಸದಲ್ಲೇ ಸಾರವೆ ಮೇಲಿಂದ ಬಿದ್ದು ಸತ್ತ. ಪೊಲೀಸರು ಕೇಳಿದಾಗ ನಿನ್ನಪ್ಪ ಹೆಣದ ಮುಂದೆ ನಿಂತು ಹೇಳಿದ: "ಇಂವಾ ನಮ್ಮ ಆಳಲ್ರಿ. ಇವನ ಮಾರೀನ ನಾ ಕಂಡಿಲ್ಲ." ಗುಂಪಿನ ಹಿಂದಿನಿಂದ ನಾನು ಕೇಳಿಸಿಕೊಂಡೆ. ಬಾಯಿ ಬಿಡಲಿಲ್ಲ — ಹೆದರಿದೆ. ಆ ಹೆದರಿಕೆಯೇ ಒಳಗೆ ಕುಳಿತು ವಿಷವಾಯಿತು.

ಕೆಲವು ವರ್ಷಗಳ ಮೇಲೆ ಅದೇ ಮನುಷ್ಯ ನಿನ್ನನ್ನು ನನ್ನ ಸ್ಟುಡಿಯೋಕ್ಕೆ ಕರೆತಂದ. ನಾನು ಯಾರ ಅಣ್ಣನೆಂದು ಅವನಿಗೆ ಗೊತ್ತಿರಲಿಲ್ಲ. ಎಲ್ಲರೂ ಡಿಜಿಟಲ್ ಕ್ಯಾಮೆರಾ ಕೊಳ್ಳುತ್ತಿದ್ದ ಕಾಲ, ನನ್ನದಿನ್ನೂ ರೀಲು. ಮುದ್ದೇಬಿಹಾಳದ ಕಡೆಯ ಗಂಡಿನವರು ಗೋವಾದವರೆಗೆ ಬಂದು ಹೆಣ್ಣು ನೋಡುವ ಮೊದಲು ಫೋಟೋ ತರಿಸಿಕೊಳ್ಳುತ್ತಿದ್ದರು. ಅದು ಮನಸ್ಸಿಗೆ ಬಂದರೆ ಮಾತ್ರ ಬಸ್ಸು ಹತ್ತುತ್ತಿದ್ದರು.

ಫೋಟೋವನ್ನು ಒಬ್ಬನೇ ತೆಗೆಯಲಾಗದು. ಕುಳಿತವರು ತಮ್ಮ ಮುಖವನ್ನು ನಂಬಿ ಕೊಡಬೇಕು, ನಿಂತವನು ಅದನ್ನು ಜೋಪಾನ ಮಾಡಬೇಕು. ನೀನು ಕೊಟ್ಟೆ. "ಹೆಂಗ ಕುಂದರಬೇಕಂತ ನನಗ ತಿಳಿಯೂದಿಲ್ರಿ ಅಣ್ಣಾ. ನೀವು ಹೇಳಿದಂಗ ಕುಂದರತೇನಿ," ಎಂದು ನಕ್ಕೆ. ಆ ನಗುವಿನಲ್ಲಿ ಎಷ್ಟು ಚೆಂದ ಕಾಣುತ್ತಿದ್ದೆ — ಅದನ್ನು ಕಂಡೇ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ನಗಬೇಡ ಎಂದೆ. ಗದ್ದ ಎತ್ತು ಎಂದೆ, ಇನ್ನಷ್ಟು. ತುಟಿ ಬಿಗಿಹಿಡಿ ಎಂದೆ. ಮೊಣಕಾಲೂರಿ ಕೆಳಗಿನಿಂದ ಕ್ಯಾಮೆರಾ ಹಿಡಿದೆ. ಹೇಳಿದ್ದನ್ನೆಲ್ಲ ನೀನು ಮಾಡಿದೆ. ಬಟನ್ ಒತ್ತುವಾಗ ನಿನ್ನ ಮುಖದಲ್ಲಿ ನಿನ್ನಪ್ಪನಿದ್ದ — ಹೆಣದ ಮುಂದೆ ನಿಂತಿದ್ದ ಅದೇ ಮೋರೆ.

ಫೋಟೋ ನೋಡಿ ಅವನು ಹಿಗ್ಗಿಹೋದ. "ನನ್ನ ಮಗಳಂದ್ರ ಹಿಂಗಿರಬೇಕ ನೋಡು. ಗೌಡಶಾನಿ ಕಂಡಂಗ ಕಾಣತಾಳ," ಎಂದು ಪ್ರತಿಯ ಮೇಲೆ ಪ್ರತಿ ಹಾಕಿಸಿ ಊರಿಗೆ ಕಳಿಸಿದ. ಕಳಿಸಿದಲ್ಲೆಲ್ಲ ಒಂದೇ ಉತ್ತರ: ಹುಡುಗಿಗೆ ಸೊಕ್ಕು ಬಹಳ, ನಮಗೆ ಬೇಡ. ಪ್ರತಿ ಸಲ ನನಗೆ ಹಾಲು ಕುಡಿದಷ್ಟು ಸಂತೋಷ, ಸುಳ್ಳೇಕೆ ಹೇಳಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರನ್ನು ಕಂಡು ನಗುತ್ತಿದ್ದವನು ನಾನು.

ಆಮೇಲೊಮ್ಮೆ ನೀನೊಬ್ಬಳೇ ಬಂದೆ. ಒಳಗೆ ಕೂರಲೂ ಇಲ್ಲ. "ಅಣ್ಣಾ, ನೀವು ದಿನಾ ಮಂದಿ ಮಾರಿ ನೋಡವ್ರು. ಖರೇ ಹೇಳ್ರಿ, ನನ್ನ ಮಾರಿ ಹಂಗ ಐತೇನ್ರಿ?"

ಆಗಲಾದರೂ ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು, ಆದರೆ — "ಕ್ಯಾಮೆರಾ ಸುಳ್ಳು ಹೇಳೂದಿಲ್ಲವಾ," ಎಂದುಬಿಟ್ಟೆ. ಮೊದಲನೆಯದಕ್ಕಿಂತ ಇದು ದೊಡ್ಡ ಪಾಪ.

ನಿನ್ನಪ್ಪನನ್ನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಅವನು ಮೀಸೆ ತಿರುವಿಕೊಂಡು ತಿರುಗುತ್ತಲೇ ಇದ್ದಾನೆ. ಕಳೆದ ಶುಕ್ರವಾರ ಸಂತೆಯಲ್ಲಿ ನಿನ್ನನ್ನು ಕಂಡೆ. ಬಳೆಗಾರ್ತಿಯ ಮಾತಿಗೆ ನಗು ಬಂತು ನಿನಗೆ. ಯಾರೋ ತಿರುಗಿ ನೋಡಿದ್ದೇ ಬಾಯಿಗೆ ಸೆರಗು ಒತ್ತಿ ಅದನ್ನು ನುಂಗಿಕೊಂಡೆ.

ನಾಳೆ ನಿಮ್ಮ ಮನೆಗೆ ಬರುತ್ತೇನೆ. ಮಾರುತಿಯ ಅಣ್ಣ ನಾನೆಂದು ಅವನಿಗೆ ಹೇಳುತ್ತೇನೆ. ಆಮೇಲೆ ಅವನೆದುರಿಗೇ ನಿನಗೆ ಹೇಳುತ್ತೇನೆ — ಆ ಮೋರೆ ನಿನ್ನದಲ್ಲ ತಂಗಿ, ನಾನು ಮಾಡಿದ್ದು.