ಪಿಳ್ಳಪ್ಪನ ವಂಶದ ಕಾವಲುಗಾರ್ತಿ
ಮಂಚೇನಹಳ್ಳಿ ಪಕ್ಕದ ನಮ್ಮೂರಲ್ಲಿ ಮೊದಲು ಕಾಡು ಕಡಿದು ರಾಗಿ ಬಿತ್ತಿದವನು ಪಿಳ್ಳಪ್ಪ. ಅವನ ವಂಶ ಹುಡುಕಿಕೊಂಡು ಬರುವವರನ್ನೆಲ್ಲ ಹೊಸ್ತಿಲಲ್ಲೇ ತಡೆಯುವವರು ಆ ಮನೆಯ ಹಿರಿಯ ಸೊಸೆ ಆಂಜಿನಮ್ಮ. ಯಾರಾದರೂ ಮೊಬೈಲು ಹಿಡಿದು "ನಮ್ಮ ಮುತ್ತಾತ..." ಎಂದು ಬಾಯಿ ತೆರೆದರೆ ಸಾಕು, "ಯಾವ ಸರ್ವೆ ನಂಬರಿಗೆ ಬಂದಿದ್ದೀಯಪ್ಪ?" ಎನ್ನುತ್ತಾರೆ. ಆಮೇಲೆ ನನ್ನ ಕಿವಿಯಲ್ಲಿ, "ಭೂಮಿಗೆ ಬೆಲೆ ಬಂದ್ರೆ ಸತ್ತೋನಿಗೂ ಮೊಮ್ಮಕ್ಳು ಹುಟ್ತಾರೆ ಕಣೇ." ಪಿಳ್ಳಪ್ಪ ಬಂದದ್ದು ಪೆನುಕೊಂಡೆಯಿಂದ ಎಂದು ಒಬ್ಬರಿಗೆ ಹೇಳಿದರೆ, ಕೈವಾರದಿಂದ ಎಂದು ಇನ್ನೊಬ್ಬರಿಗೆ. ಫೋಟೋ ತೆಗೆಯಲು ಹೋದರೆ ನಾಯಿಯನ್ನೂ ಒಳಗೆ ಎಳೆದುಕೊಳ್ಳುತ್ತಾರೆ. ಆದರೂ ಬಂದವರಿಗೆ ಊಟ ತಪ್ಪಿಸುವುದಿಲ್ಲ: ಮುದ್ದೆ, ಜೊತೆಗೆ ಪಕ್ಕದ ನಮ್ಮನೆಯಿಂದ ತರಿಸಿದ ಸೊರೆಕಾಯಿ ಸಾರು. ಕಾಡು ಕಡಿಯುವಾಗ ಪಿಳ್ಳಪ್ಪ ಸೊರೆಬುರುಡೆಯ ನೀರು ಕುಡಿದೇ ಬದುಕಿದನೆಂದು ಅವನ ವಂಶದವರು ಸೊರೆಕಾಯಿ ತಿನ್ನುವುದಿಲ್ಲ. ಅದು ಹೊರಗಿನವರಿಗೆ ಗೊತ್ತಿಲ್ಲ. ಚಪ್ಪರಿಸಿ ತಿಂದವರಿಗೆ ಆಂಜಿನಮ್ಮ ಬಸ್ಸಿನ ಹೊತ್ತು ನೆನಪಿಸುತ್ತಾರೆ. ಪಾಲಿನ ಜಗಳದಲ್ಲಿ ಮುನಿದು ಬರಿಗೈಲಿ ಹೋದ ನಾದಿನಿಯ ಕಡೆಯವರು ಬಂದುಬಿಟ್ಟಾರೆಂಬ ಭಯಕ್ಕೇ ಈ ಪರೀಕ್ಷೆ ಎಂದು ನಾವೂ ಅವರನ್ನು ಅನುಮಾನಿಸಿದವರೇ. ಮೊನ್ನೆ ಚಿಂತಾಮಣಿಯಿಂದ ಬಂದ ಹುಡುಗಿಯೊಬ್ಬಳು ತಟ್ಟೆ ಸರಿಸಿ, "ಬೇಜಾರು ಮಾಡ್ಕೋಬೇಡಿ, ನಮ್ಮನೇಲಿ ಸೊರೆಕಾಯಿ ತಿನ್ನಲ್ಲ, ಅಜ್ಜಿ ಬಯ್ತಾರೆ" ಅಂದಳು. ಆಂಜಿನಮ್ಮ ಊರು ಕೇಳಲಿಲ್ಲ, ಸರ್ವೆ ನಂಬರು ಕೇಳಲಿಲ್ಲ. ತಟ್ಟೆಯನ್ನು ತಾವೇ ತೊಳೆದು ತಂದು, ಮುದ್ದೆಗೆ ಮಜ್ಜಿಗೆ ಬಡಿಸಿ, ಎದುರು ಕೂತು ಮೆಲ್ಲಗೆ ಕೇಳಿದರು: "ನಿಮ್ಮಜ್ಜಿಗೆ ನನ್ಮೇಲಿನ ಕೋಪ ಇಳೀತೇನಮ್ಮ?"