ಟೋಕಿಯೊಗೆ ಟಿಕೆಟ್ ತೆಗೆಯಲು ಕೂತ ಮಧ್ಯಾಹ್ನ

ಬೇರೆಯವರು ಇಂಥ ಅನುಭವಗಳನ್ನು ಹೇಳುವಾಗ ನಗು ಬಾರದಂತೆ ತಡೆದುಕೊಂಡು ಕೇಳುತ್ತಿದ್ದವನು ನಾನು. ನಂಬುತ್ತಿರಲಿಲ್ಲ. ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳ ಅಳತೆ ಸರಿಯಿದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಕಣ್ಣಿಗೆ ಕಂಡಿದ್ದನ್ನೂ ಅಳೆದು ನೋಡದೆ ಒಪ್ಪದ ಅಭ್ಯಾಸ ಅಲ್ಲಿಂದಲೇ ಬಂದಿರಬೇಕು. ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ನಾನು ಒತ್ತಾಯಿಸುವುದಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ಹೆಂಡತಿ ಸುನಂದಾಗೆ ಟೋಕಿಯೊ ನೋಡುವ ಹಂಬಲ ಬಹಳ ಹಳೆಯದು. ರಾಯಚೂರಿನಲ್ಲಿ ಅವಳ ತಂದೆ ಕೆಲಸ ಮಾಡುತ್ತಿದ್ದ ಅಕ್ಕಿ ಗಿರಣಿಗೆ ಜಪಾನಿನ ಯಂತ್ರವೊಂದು ಬಂದಿತ್ತಂತೆ. ಅದರ ಜೊತೆ ಬಂದ ಕ್ಯಾಲೆಂಡರಿನಲ್ಲಿ ಗುಲಾಬಿ ಬಣ್ಣದ ಹೂ ತುಂಬಿದ ಮರಗಳ ಚಿತ್ರ. ಹೋಗುವುದೆಂದು ನಿರ್ಧಾರವಾದಾಗಿನಿಂದ ಯಾವ ಕಾಲಕ್ಕೆ ಹೋಗಬೇಕೆನ್ನುವುದೇ ನಮ್ಮ ಮನೆಯ ಜಗಳ. ನಾನು ಸಿಕ್ಕಿದ್ದನ್ನೆಲ್ಲ ಓದಿದ್ದೆ. ಜೂನಿನಲ್ಲಿ ಮಳೆ, ಆಗಸ್ಟಿನಲ್ಲಿ ಬೆವರು ಸುರಿಸುವ ಸೆಕೆ, ಸೆಪ್ಟೆಂಬರಿನಲ್ಲಿ ಚಂಡಮಾರುತ. ನವೆಂಬರಿನಲ್ಲಿ ಆಕಾಶ ತಿಳಿಯಾಗಿರುತ್ತದೆ, ಎಲೆಗಳು ಕೆಂಪಾಗುತ್ತವೆ, ಆಗಲೇ ಹೋಗೋಣ ಎಂದು ನಾನು.

“ಎಲಿ ನೋಡಾಕ ಅಷ್ಟು ದೂರ ಹೋಗಬೇಕೇನ್ರಿ? ಹೂ ಬಿಡೂ ಟೈಮಿಗೇ ಹೋಗೂಣು,” ಎಂದು ಅವಳು.

ಕೊನೆಗೆ ನಾನೇ ಸೋತೆ. ಜನವರಿಯ ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿಸಿ, ಮಿಯಾಪುರದ ನಮ್ಮ ಫ್ಲ್ಯಾಟಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆವು. ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿದ್ದುದರಿಂದ ನಮ್ಮ ಕಿಟಕಿಗಳು ಯಾವಾಗಲೂ ಮುಚ್ಚಿಯೇ ಇರುತ್ತಿದ್ದವು. ಅವ್ವ ದಿವಾನ್ ಮಂಚದ ಮೇಲೆ ಅಡ್ಡಾಗಿದ್ದಳು. ನಾನು ಮಾರ್ಚ್ ಕೊನೆಯ ವಾರದ ತಾರೀಖು ಒತ್ತಿದೆ. ಸುನಂದಾ ಪಾಸ್‌ಪೋರ್ಟ್ ನಂಬರು ಓದಿ ಹೇಳುತ್ತಿದ್ದವಳು ಸೀನಿದಳು. ಮತ್ತೆ ಸೀನಿದಳು. ಆಮೇಲೆ ಬಿಡುವೇ ಇಲ್ಲದೆ ಸೀನತೊಡಗಿದಳು.

ಮೊದಲು ನಕ್ಕೆ. ನೀರು ತರಲೆಂದು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಅವಳ ಕಣ್ಣುಗಳು ಊದಿ ಮುಚ್ಚಿಕೊಂಡಿದ್ದವು. ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು.

“ಉಸಿರು ಬರವಲ್ದು ರೀ,” ಎಂದಳು.

ಅವಳಿಗೆ ಉಬ್ಬಸದ ಕಾಯಿಲೆ ಇರಲಿಲ್ಲ. ಲಿಫ್ಟ್ ಕೆಟ್ಟರೆ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬರುವ ಹೆಂಗಸು. ಬೆನ್ನು ಸವರಲು ಕೈಯಿಟ್ಟಾಗಲೇ ನಾನದನ್ನು ಕಂಡದ್ದು. ಅವಳ ಕೂದಲು, ಹೆಗಲು, ಲ್ಯಾಪ್‌ಟಾಪಿನ ಕೀಲಿಗಳ ಮೇಲೆಲ್ಲ ಹಳದಿ ಪುಡಿ ಕೂತಿತ್ತು. ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ. ಮೇಜಿನ ಆಚೆ ತುದಿಯಲ್ಲಿ, ನನ್ನ ಕುರ್ಚಿಯ ಮೇಲೆ, ಎಲ್ಲಿಯೂ ಇಲ್ಲ, ಅವಳಿದ್ದಲ್ಲಿ ಮಾತ್ರ. ಕಟ್ಟಡದ ಧೂಳೆಂದುಕೊಂಡು ತಲೆಯೆತ್ತಿ ಕಿಟಕಿ ನೋಡಿದೆ. ಚಿಲಕ ಹಾಕಿದಂತೆಯೇ ಇತ್ತು. ಸಿಮೆಂಟಿನ ಧೂಳು ಹಳದಿ ಇರುವುದೂ ಇಲ್ಲ.

ಅವ್ವ ಎದ್ದು ಬಂದು ಬೆರಳಿನಿಂದ ಪುಡಿ ಸವರಿ ಮೂಸಿದಳು. “ಅರಿಶಿಣ ಅಲ್ಲೋ ಇದು. ಹಸಿ ಕಟಗಿ ಕೊಯ್ದಂಗ ವಾಸನಿ ಬರಾಕತ್ತೈತಿ.”

ವಾಸನೆ ನನಗೂ ಬಂದಿತ್ತು. ಮೂಸುತ್ತ ನಿಲ್ಲುವ ಹೊತ್ತಲ್ಲ ಅದು. ಸುನಂದಾಳ ತುಟಿ ನೀಲಿಗಟ್ಟುತ್ತಿತ್ತು. ಎದುರುಮನೆಯ ನಜೀರ್ ಭಾಯ್ ಬಾಗಿಲು ಬಡಿದೆ. ಅವರು ಲುಂಗಿಯಲ್ಲೇ ಕಾರಿನ ಕೀಲಿ ಹಿಡಿದು ಓಡಿಬಂದರು. ದಾರಿಯುದ್ದಕ್ಕೂ ಅವಳು ನನ್ನ ತೋಳನ್ನು ಉಗುರು ನೆಡುವಂತೆ ಹಿಡಿದಿದ್ದಳು. ಒಂದು ಸಿಗ್ನಲಿನಲ್ಲಿ ಆ ಸಿಳ್ಳೆ ನಿಂತುಹೋಯಿತು. ಅವಳು ಹೋಗಿಬಿಟ್ಟಳೆಂದೇ ತಿಳಿದು ನಾನು ಕೂಗಿಕೊಂಡೆ. ಮತ್ತೆ ಕೀರಲಾಗಿ ಉಸಿರು ಎಳೆದಳು. ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಮೂಗಿಗೆ ಮಾಸ್ಕ್ ಹಾಕಿ ಔಷಧಿಯ ಹಬೆ ಹಿಡಿಸಿದರು. ಸಂಜೆ ಹೊತ್ತಿಗೆ ಉಸಿರಾಟ ಹದಕ್ಕೆ ಬಂತು. ಹೂವಿನ ಪರಾಗಕ್ಕೆ ಕೆಲವರಿಗೆ ಹೀಗಾಗುತ್ತದೆ, ಇತ್ತೀಚೆಗೆ ಕಾಡು ಬೆಟ್ಟದ ಕಡೆ ಹೋಗಿದ್ದಿರಾ ಎಂದು ಡಾಕ್ಟರಮ್ಮ ಕೇಳಿದರು. ಎಲ್ಲಿಗೂ ಹೋಗಿಲ್ಲ ಎಂದೆ. ಹಳದಿ ಪುಡಿಯ ವಿಷಯ ಹೇಳಿದಾಗ, ಸ್ವಲ್ಪ ತಂದುಕೊಡಿ, ಪರೀಕ್ಷೆ ಮಾಡಿಸೋಣ ಎಂದರು.

ಮನೆಗೆ ಬಂದರೆ ಅವ್ವ ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ನೀರನ್ನು ಮೋರಿಗೆ ಚೆಲ್ಲಿದ್ದಳು. “ಅಂಥಾದ್ದು ಮನ್ಯಾಗ ಯಾಕ ಇಟ್ಕೋಬೇಕು?” ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಟಿಕೆಟ್ ತೆಗೆದಿರಲಿಲ್ಲವಾದ್ದರಿಂದ ಆ ತಾರೀಖೂ ಹಾಗೆಯೇ ಹೋಯಿತು.

ಕೆಲ ದಿನಗಳ ಮೇಲೆ, ಮನಸ್ಸು ತಡೆಯದೆ, ಟೋಕಿಯೊದ ವಸಂತದ ಬಗ್ಗೆ ಮತ್ತೆ ಓದಿದೆ. ಹೂವಿನ ಕಾಲದಲ್ಲಿ ಅಲ್ಲಿ ದೇವದಾರುವಿನಂಥ ಮರಗಳಿಂದ ಹಳದಿ ಪರಾಗ ಮೋಡದಂತೆ ಏಳುತ್ತದೆ, ಊರಿಗೆ ಊರೇ ಮಾಸ್ಕ್ ಹಾಕಿ ಸೀನುತ್ತದೆ ಎಂದಿತ್ತು. ಆ ಸಾಲನ್ನು ಮತ್ತೊಮ್ಮೆ ಓದಿದೆ. ಮೊದಲೇ ಎಲ್ಲೋ ಓದಿ ಮರೆತಿದ್ದೆನೇನೋ, ಹೆದರಿಕೆಯಲ್ಲಿ ಕಣ್ಣಿಗೆ ಹಾಗೆ ಕಂಡಿತೇನೋ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಅವ್ವ ಅದನ್ನು ಓದಿರಲಿಲ್ಲ. ನಜೀರ್ ಭಾಯ್ ಕೂಡ ಓದಿರಲಿಲ್ಲ. ನಾನು ಕೇಳದೆಯೇ ಅವರು ಒಂದು ದಿನ ಲಿಫ್ಟಿನಲ್ಲಿ, “ಭಾಯ್, ಭಾಭಿ ಬೈಠೇ ಸೋ ಸೀಟ್ ಪೊ ಪೂರಾ ಪೀಲಾ ಥಾ. ಹಲ್ದಿ ಗಿರೀ ಥೀ ಕ್ಯಾ?” ಎಂದರು. ಸುನಂದಾ ಕೂತಿದ್ದ ಸೀಟೆಲ್ಲ ಹಳದಿಯಾಗಿತ್ತು, ಅರಿಶಿಣ ಚೆಲ್ಲಿತ್ತಾ ಎಂದು ಅವರ ಪ್ರಶ್ನೆ. ಅಷ್ಟರಲ್ಲಿ ಕಾರು ತೊಳೆಸಿಯಾಗಿತ್ತು.

ನವೆಂಬರಿನಲ್ಲಿ ಟೋಕಿಯೊಗೆ ಹೋಗಿಬಂದೆವು. ಸುನಂದಾ ದಿನವಿಡೀ ನಡೆದಳು, ಒಮ್ಮೆಯೂ ಏದುಸಿರು ಬಿಡಲಿಲ್ಲ. ಆದರೂ ಕೆಂಪೆಲೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವಾಗ ಅವಳ ಮುಖದಲ್ಲಿ ಬೇರೆಯವರ ಮದುವೆಗೆ ಬಂದವಳ ಕಳೆ ಇತ್ತು.

ಈಗ ಮತ್ತೆ ಶುರುವಾಗಿದೆ. “ಅವತ್ತು ಏನೋ ಆತು, ಹೋತು. ನನಗ ಹೂ ನೋಡಬೇಕ್ರಿ. ಮಾರ್ಚಿಗೆ ರಜಾ ಕೇಳ್ರಿ,” ಎನ್ನುತ್ತಾಳೆ. ಬೇಡವೆನ್ನಲು ನನ್ನ ಬಳಿ ಅವಳು ಒಪ್ಪುವಂಥ ಕಾರಣ ಒಂದೂ ಇಲ್ಲ. ಕಳೆದ ವಾರ ರಜೆ ಕೇಳಿದೆ, ಸಿಕ್ಕಿತು. ಅವಳಿಗೆ ಇನ್ನೂ ಹೇಳಿಲ್ಲ.